ಅಪ್ಪನ ವಹಿಯೊಳಗಿನ ಅಕ್ಕಡಿ ಸಾಲು

2024ರ ದಸರೆಗೆ ನನ್ನ ತಮ್ಮ ಬನ್ನಿ ಕೊಡಲು ಗಂಗಾವತಿಯ ನಮ್ಮ ಮನೆಗೆ ಬಂದಾಗ ಅವನ ಅಂಗಿಯ ಕಿಸೆಯಲ್ಲಿ ಬನ್ನಿ ಎಲೆಯ ಜೊತೆಗೆ ಮಡಿಸಿದ ಕಾಗದವೊಂದು ಇತ್ತು. 'ಬಂಗಾರದಂಗ ಇರೂಣಕ್ಕಾ' ಎಂದು ಬನ್ನಿ ಕೊಟ್ಟ, ಕಾಲು ಮುಟ್ಟಿದ. ಹೋಳಿಗೆ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದ ಮೇಲೆ ಕಾಗದ ಹೊರಗೆ ಬಂತು. ನವಲಿಯ ನಮ್ಮ ಮಸಾರಿ ಹೊಲ ಮಾರುವುದಕ್ಕೆ ನನ್ನ ಒಪ್ಪಿಗೆ ಪತ್ರ ಅದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಮಗಳೂ ಮಗನಷ್ಟೇ ಹಕ್ಕುದಾರಳಾದ ಮೇಲೆ ಅಕ್ಕತಂಗಿಯರ ಸಹಿಗೆ ಬೆಲೆ ಬಂದಿದೆಯಲ್ಲ!

ತಮ್ಮನ ಮಾತಿನಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳಲಾರೆ. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಹರಿದು ಗೇಟೇ ನೀರಿನಲ್ಲಿ ಕೊಚ್ಚಿಹೋಗಿತ್ತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ತಾತ್ಕಾಲಿಕ ಗೇಟು ಕೂಡಿಸಿದರು. ಆದರೆ ಆ ಒಂದು ವಾರ ಕಾಲುವೆ ನಂಬಿದ ನಮ್ಮ ಕಡೆಯ ಯಾವ ಮನೆಯಲ್ಲೂ ಸರಿಯಾಗಿ ನಿದ್ದೆಯಿರಲಿಲ್ಲ. ಗದ್ದೆಯ ಮೇಲೆ ಗೊಬ್ಬರದ ಅಂಗಡಿಯ ಸಾಲ. ಇನ್ನೊಂದು ಕಡೆ, ಅಣೆಕಟ್ಟಿನಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಸುಮಾರು 105ಕ್ಕೆ ಇಳಿದಿದೆಯೆಂದು, ಕಳೆದುಹೋದ ನೀರು ನಿಲ್ಲಿಸಲು ನವಲಿಯ ಹತ್ತಿರವೇ ಸಮತೋಲನ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪ ಎಷ್ಟೋ ವರ್ಷಗಳಿಂದ ಇದೆ. 'ನಾಳೆ ಯಾವ ಹೊಲ ಮುಳುಗತೈತೋ ಯಾವುದು ಉಳೀತೈತೋ. ಇವತ್ತು ಮಾರಿದ್ರ ಸಾಲ ತೀರತೈತಿ' ಎಂದ.

ಬಾಗಿಲ ಪಕ್ಕ ಕೂತಿದ್ದ ಅವ್ವ ಒಂದೇ ಮಾತು ಹೇಳಿದಳು: 'ಅದನ್ನ ಮಾರಬ್ಯಾಡ್ರಿ. ನನ್ನ ಅಕ್ಕಡಿ ಅದರಾಗ ಐತಿ.'

'ಯವ್ವಾ, ನಿನ್ನ ಅಕ್ಕಡಿ ನಾಕು ಸೇರು ಮಡಕಿ, ಮೂರು ಸೇರು ಹೆಸರು! ಆ ಹೊಲ ಇಷ್ಟು ವರ್ಷ ಏನ ಕೊಟ್ಟೈತಿ? ಲೆಕ್ಕ ತೋರಸ್ರಿ, ನಾ ಸುಮ್ನಾಗ್ತೀನಿ' ಎಂದ ತಮ್ಮ. ಸಿಟ್ಟಿನಿಂದಲ್ಲ, ದಣಿದು ಹೇಳಿದ. ಆ ದಣಿವೇ ನನ್ನನ್ನು ಚುಚ್ಚಿತು.

ಲೆಕ್ಕ ನನ್ನ ಅಲ್ಮಾರಿಯಲ್ಲೇ ಇತ್ತು. ಅಪ್ಪ ತೀರಿಕೊಳ್ಳುವ ಮೊದಲು, 'ನೀ ಶಾಲಿ ಟೀಚರು, ನಿನ್ನ ಹತ್ರ ಇರಲಿ' ಎಂದು ತನ್ನ ವಹಿಯನ್ನು ನನಗೆ ಕೊಟ್ಟಿದ್ದ. 1990-91ರಿಂದ 2013-14ರವರೆಗೆ 24 ವರ್ಷ, ವರ್ಷಕ್ಕೊಂದು ಹಾಳೆ. ಹಾಳೆಯಲ್ಲಿ ಎರಡು ಅಡ್ಡಸಾಲು: ಮುಂಗಾರು, ಹಿಂಗಾರು. ಅಂಗಡಿಯಿಂದ ತಂದ ವಹಿಯಲ್ಲಿ ಅಚ್ಚಾದ ಕಾಲಂ ಮೂರೇ. ಅವುಗಳಲ್ಲಿ ಕಾರಟಗಿ ಕಡೆಯ ಕಾಲುವೆ ಗದ್ದೆ, ಎರೆ ಹೊಲ, ಮಸಾರಿ ಹೊಲ. ನಾಲ್ಕನೆಯದನ್ನು ಅಪ್ಪ ಪೆನ್ಸಿಲಿನಿಂದ ತಾನೇ ಗೀಚಿಕೊಂಡು ಮೇಲೆ 'ಅಕ್ಕಡಿ' ಎಂದು ಬರೆದಿದ್ದ. ಮಸಾರಿಯಲ್ಲಿ ಸಜ್ಜೆ ಬಿತ್ತುವಾಗ ನಡುನಡುವೆ ಸಾಲು ಬಿಟ್ಟು ಅವ್ವ ತೊಗರಿ, ಹೆಸರು, ಮಡಕಿ, ಅಲಸಂದಿ, ಗುರೆಳ್ಳು, ಪುಂಡಿ ಹಾಕುತ್ತಿದ್ದಳು. ಅದು ಗಂಡಸರ ಲೆಕ್ಕಕ್ಕೆ ಬರದ ಬೆಳೆ. ಆದರೂ ಅಪ್ಪ ಸೇರಿನ ಲೆಕ್ಕದಲ್ಲಿ ಬರೆದಿಟ್ಟಿದ್ದ. ಹಾಳೆ ಬಿಚ್ಚಿಹೋಗದಂತೆ ಚೀಲ ಹೊಲಿಯುವ ದಬ್ಬಣದಿಂದ, ಸುತಳಿಯಿಂದ ವಹಿಯನ್ನು ತಾನೇ ಹೊಲಿದಿದ್ದ.

ಆ ರಾತ್ರಿ ಕೂತು ಹಾಳೆ ತಿರುವಿದೆ. ಒಂದೊಂದು ಹಾಳೆಯಲ್ಲೂ ಕಣ್ಣಿಗೆ ಬೀಳುವುದು ಗದ್ದೆಯ ಅಂಕಿಯೇ. 96 ಚೀಲದ ಪಕ್ಕದಲ್ಲಿ 38 ಸೇರು ಏನು ಕಂಡೀತು? ವರ್ಷದಿಂದ ವರ್ಷಕ್ಕೆ ಓದಿದರೆ ತಮ್ಮನ ಮಾತೇ ನಿಜ. ಬೇರೆ ದಿಕ್ಕಿನಿಂದ ಓದಬೇಕು ಅನ್ನಿಸಿತು. ಆದರೆ 24 ಹಾಳೆ ತಿರುಗಿಸುತ್ತ ಒಂದೇ ಮೂಲೆಯನ್ನು ನೋಡುವುದು ಹೇಗೆ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಗಳಿಗೆ ಫೋನು ಮಾಡಿದೆ. 'ಅಮ್ಮಾ, ನನ್ನ ಹಳೇ ಲ್ಯಾಪ್‌ಟಾಪ್ ಅಲ್ಲೇ ಇದೆಯಲ್ಲ, ಅಂಕಿಯೆಲ್ಲ ಅದಕ್ಕೆ ಹಾಕು. ಪೈಥಾನ್ ಇದೆ, ನಂಪೈ ಇದೆ. ನೀನೇ ಕಲಿ, ನಾನು ಹೇಳಿಕೊಡ್ತೀನಿ' ಎಂದಳು. ನಿವೃತ್ತಿಯಾದ ಟೀಚರಿಗೆ ಪಾಠ ಹೇಳಿಕೊಡುವ ಖುಷಿ ಅವಳ ದನಿಯಲ್ಲಿ ಕೇಳಿಸುತ್ತಿತ್ತು! ಪೈಥಾನ್ ಎಂಬುದು ಗಣಕಕ್ಕೆ ಕೆಲಸ ಹೇಳುವ ಭಾಷೆ. ಗಿಡೋ ವಾನ್ ರೋಸಮ್ ಎಂಬ ಹಾಲೆಂಡಿನವರು 1991ರಲ್ಲಿ ಹೊರತಂದದ್ದು. ಅದರಲ್ಲಿ ಅಂಕಿಗಳ ದೊಡ್ಡ ದೊಡ್ಡ ಪಟ್ಟಿಗಳನ್ನು ಆಳಲು 1995ರ ಸುಮಾರಿಗೆ ಜಿಮ್ ಹ್ಯೂಗುನಿನ್ 'ನ್ಯೂಮರಿಕ್' ಎಂಬ ಸಲಕರಣೆ ಕಟ್ಟಿದರು. ಅದರ ಮೇಲೆ ಟ್ರಾವಿಸ್ ಆಲಿಫಂಟ್ ಕಟ್ಟಿದ 'ನಂಪೈ'ಯ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂತು. 2008ರಲ್ಲಿ ಬಂದ ಮೂರನೇ ಪೈಥಾನಿನಿಂದ ಈಚೆಗೆ ನಮ್ಮ ಪಟ್ಟಿಗೆ ಕನ್ನಡದಲ್ಲೇ ಹೆಸರಿಡಬಹುದಂತೆ. ನಾನು 'ವಹಿ' ಎಂದೇ ಹೆಸರಿಟ್ಟೆ.

24 ಹಾಳೆ, ಹಾಳೆಗೆ 2 ಸಾಲು, ಸಾಲಿಗೆ 4 ಕಾಲಂ. ಒಟ್ಟು 192 ಅಂಕಿ. ಹೊಡೆಯುವುದಕ್ಕೆ ನಾಲ್ಕು ಸಂಜೆ ಹಿಡಿಯಿತು.

'ಈಗ ಮೂರು ದಿಕ್ಕು ನೆನಪಿಟ್ಟುಕೋ ಅಮ್ಮಾ: ಹಾಳೆ, ಸಾಲು, ಕಾಲಂ. ಚೌಕ ಕಂಸದೊಳಗೆ ಆ ಕ್ರಮದಲ್ಲೇ ಹೇಳಬೇಕು. ಎಲ್ಲವೂ ಬೇಕು ಅಂದರೆ ಎರಡು ಚುಕ್ಕಿ.' ನಾವು ವಿವರಣೆಗೆ ಮೊದಲು ಹಾಕುವ ಆ ಎರಡು ಚುಕ್ಕಿಗೆ ಇಲ್ಲಿ 'ಎಲ್ಲಾ' ಎಂಬ ಅರ್ಥ.

ಎಣಿಕೆ ಸೊನ್ನೆಯಿಂದ ಶುರು ಎಂದಾಗ ನಾನು ಜಗಳಕ್ಕೇ ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ಒಂದು, ಎರಡು, ಮೂರು ಎಂದು ಕಲಿಸಿದವಳು ನಾನು! ಹಾಗಾದರೆ ಕೊಚ್ಚಿಹೋದ 19ನೇ ಗೇಟು ಇವರ ಲೆಕ್ಕದಲ್ಲಿ 18ನೆಯದೋ? ಹೌದಂತೆ. 33 ಗೇಟುಗಳಲ್ಲಿ ಕೊನೆಯದು 32. ಆಮೇಲೆ ಯೋಚಿಸಿದರೆ ಇದು ನಮಗೆ ತಿಳಿಯದ ಲೆಕ್ಕವೇನಲ್ಲ. ಬಾಣಂತಿ ಕೋಣೆಯಲ್ಲಿರುವ ಕೂಸಿಗೆ ವಯಸ್ಸೆಷ್ಟು? ಮೊದಲನೆಯ ವರ್ಷ ನಡೆಯುತ್ತಿದೆ, ಆದರೆ ತುಂಬಿದ ವರ್ಷ ಸೊನ್ನೆ. ಗಣಕವೂ ಹಾಗೆಯೇ, ಇದಕ್ಕಿಂತ ಮೊದಲು ಎಷ್ಟು ಆಗಿಹೋದವು ಎಂದು ಕೇಳುತ್ತದೆ. ಮೊದಲ ಹಾಳೆಗೆ ಮೊದಲು ಏನೂ ಇಲ್ಲ, ಆದ್ದರಿಂದ ಅದು ಸೊನ್ನೆ. ಅಕ್ಕಡಿಗೆ ಮೊದಲು ಮೂರು ಕಾಲಂ ಇವೆ, ಆದ್ದರಿಂದ ಅದು 3.

ಅಷ್ಟು ತಿಳಿದದ್ದೇ ತಡ, ಮಗಳನ್ನು ಕೇಳದೆ ನಾನೇ ಬರೆದೆ: ವಹಿ[:][:][3]. ಎಲ್ಲ ಹಾಳೆ, ಎಲ್ಲ ಸಾಲು, ಅಕ್ಕಡಿ ಕಾಲಂ ಎಂದು ನನ್ನ ಭಾವನೆ. ಗುಂಡಿ ಒತ್ತಿದೆ. ಬಂದದ್ದು ಎಂಟೇ ಅಂಕಿ. ನೋಡಿದರೆ 1993-94ನೇ ವರ್ಷದ ಹಾಳೆ! ಅವ್ವನ ಅಕ್ಕಡಿಯನ್ನು ಕರೆದರೆ ಆ ಒಂದು ವರ್ಷದ ಇಡೀ ಸಂಸಾರವೇ ಎದ್ದು ಬಂದು ನಿಂತಿತ್ತು.

ಮಗಳು ನಕ್ಕಳು. 'ನೀನು ಮೂರು ಕಂಸ ಹಾಕಿದೀಯ ಅಮ್ಮಾ. ಹುಡುಗನನ್ನು ಕಿರಾಣಿ ಅಂಗಡಿಗೆ ಮೂರು ಸಲ ಕಳಿಸಿದ ಹಾಗೆ. ಮೊದಲ ಸಲ ಎಲ್ಲ ಹಾಳೆ ತಾ ಅಂದೆ, ಇಡೀ ವಹಿ ತಂದ. ಎರಡನೇ ಸಲ ತಂದದ್ದರಲ್ಲಿ ಎಲ್ಲ ಹಾಳೆ ಕೊಡು ಅಂದೆ, ಮತ್ತೆ ಇಡೀ ವಹಿ. ಮೂರನೇ ಸಲ 3 ಅಂದೆ, ನಾಲ್ಕನೇ ಹಾಳೆ ಹರಿದು ಕೊಟ್ಟ. ಅವನ ತಪ್ಪೇನು? ಮೂರೂ ಮಾತನ್ನು ಒಂದೇ ಚೀಟಿಯಲ್ಲಿ ಬರೆದು ಕಳಿಸು. ನಡುವೆ ಅಲ್ಪವಿರಾಮ ಹಾಕು.'

ವಹಿ[:, :, 3] ಎಂದು ಬರೆದೆ. ಒಂದೇ ಕಂಸ, ಎರಡು ಅಲ್ಪವಿರಾಮ. ಮೊದಲ ಮಾತು ಹಾಳೆಗೆ, ಎರಡನೆಯದು ಸಾಲಿಗೆ, ಮೂರನೆಯದು ಕಾಲಂಗೆ. ಪರದೆಯ ಮೇಲೆ 24 ವರ್ಷದ ಅಕ್ಕಡಿ ಎರಡೆರಡು ಅಂಕಿಯಾಗಿ ಇಳಿದು ಬಂತು. ಹಿಂಗಾರಿನಲ್ಲಿ ಅಕ್ಕಡಿ ಇರುವುದಿಲ್ಲ. ಆದ್ದರಿಂದ ಮುಂಗಾರು ಸಾಲು ಮಾತ್ರ ಸಾಕೆಂದು ವಹಿ[:, 0, 3] ಎಂದೆ. ಈಗ ಒಂದೇ ಸಾಲಿನಲ್ಲಿ 24 ಅಂಕಿ. ಅಪ್ಪನ ದಬ್ಬಣವನ್ನು ಮೊದಲ ಹಾಳೆಯ ಆ ಮೂಲೆಯಲ್ಲಿ ಚುಚ್ಚಿ ಕೊನೆಯ ಹಾಳೆಯಿಂದ ಹೊರತೆಗೆದ ಹಾಗಿತ್ತು. ವಹಿಯನ್ನು ಹಾಳೆ ಹಾಳೆಯಾಗಿ ಮಾತ್ರ ಓದಬೇಕು ಎಂದು ತಿಳಿದಿದ್ದ ನನಗೆ, ಅದರ ನಡುವಿನಿಂದ ಹೀಗೊಂದು ದಾರಿ ಇದ್ದದ್ದು ಆವತ್ತೇ ಕಂಡದ್ದು.

ಗಣಕ ಇದನ್ನು ಹೇಗೆ ಮಾಡುತ್ತದೆ ಎಂದು ಕೇಳಿದೆ. ಅದರ ಹೊಟ್ಟೆಯಲ್ಲಿ ಹಾಳೆಯೂ ಇಲ್ಲ, ಕಾಲಮ್ಮೂ ಇಲ್ಲವಂತೆ. ಮಲ್ಲಿಗೆ ಮಾಲೆಯ ಹಾಗೆ 192 ಅಂಕಿಯನ್ನೂ ಒಂದರ ಪಕ್ಕ ಒಂದು ಪೋಣಿಸಿಟ್ಟಿರುತ್ತದೆ. ಪಕ್ಕದ ಕಾಲಂಗೆ ಹೋಗಲು ಒಂದು ಹೆಜ್ಜೆ, ಕೆಳಗಿನ ಸಾಲಿಗೆ ನಾಲ್ಕು ಹೆಜ್ಜೆ, ಮುಂದಿನ ವರ್ಷಕ್ಕೆ ಎಂಟು ಹೆಜ್ಜೆ. ಮುಂಗಾರಿನ ಅಕ್ಕಡಿ ಬೇಕೆಂದರೆ 3ರಲ್ಲಿ ನಿಂತು ಎಂಟೆಂಟು ಹೆಜ್ಜೆ ಹಾರುತ್ತ ಹೋಗುತ್ತದೆ: 3, 11, 19, 27, ಕೊನೆಗೆ 187. ಒಂದು ಹೂವನ್ನೂ ಮಾಲೆಯಿಂದ ಬಿಡಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹಾರಬೇಕು, ಎಷ್ಟು ಸಲ ಹಾರಬೇಕು ಎಂಬುದಷ್ಟನ್ನೇ ಗುರುತಿಟ್ಟುಕೊಳ್ಳುತ್ತದೆ. ಈ ಮಾತನ್ನು ನಾನು ತಲೆಯಾಡಿಸಿ ಕೇಳಿ ಮರೆತೆ. ಮರೆತದ್ದಕ್ಕೆ ದಂಡವನ್ನೂ ತೆತ್ತೆ, ಅದನ್ನು ಮುಂದೆ ಹೇಳುತ್ತೇನೆ.

ಬರಗಾಲದ ವರ್ಷಗಳನ್ನು ಬೇರೆ ತೆಗೆಯಬೇಕಿತ್ತು. ಕರ್ನಾಟಕದಲ್ಲಿ 2001ರಿಂದ ಮೂರು ವರ್ಷ ಸತತವಾಗಿ ಬರ ಬಿದ್ದದ್ದು ನಿಮಗೂ ನೆನಪಿರಬಹುದು. ನನ್ನ ವಹಿಯಲ್ಲಿ ಅವು 11, 12, 13ನೇ ಹಾಳೆಗಳು. ಆದರೆ 11:13 ಎಂದರೆ ಎರಡೇ ವರ್ಷ ಬಂದವು. 11:14 ಎನ್ನಬೇಕಂತೆ. ಕೊನೆಗೆ ಹೇಳಿದ ಅಂಕಿ ಲೆಕ್ಕಕ್ಕಿಲ್ಲ! ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದ ಹಾಗೆ ಇದೆಂಥ ರೀತಿ ಎಂದೆ.

ಡೈಕ್‌ಸ್ಟ್ರಾ ಎಂಬ ಹಾಲೆಂಡಿನ ಗಣಕ ವಿಜ್ಞಾನಿ 1982ರ ಆಗಸ್ಟ್ 11ರಂದು ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ ಇದಕ್ಕೂ ಸೊನ್ನೆಯ ಎಣಿಕೆಗೂ ಕಾರಣ ಕೊಟ್ಟಿದ್ದಾರೆ. 14ರಲ್ಲಿ 11 ಕಳೆದರೆ 3, ಅಷ್ಟೇ ವರ್ಷ ಸಿಗುತ್ತವೆ, ಒಂದು ಕೂಡಿಸುವ ಒಂದು ಕಳೆಯುವ ತಾಪತ್ರಯವಿಲ್ಲ. ಒಂದು ತುಂಡು ಮುಗಿದ ಅಂಕಿಯಿಂದಲೇ ಮುಂದಿನ ತುಂಡು ಶುರುವಾಗುತ್ತದೆ. ನನ್ನ ವಹಿಯನ್ನು 0:11, 11:14, 14:24 ಎಂದು ಮೂರು ಮಾಡಿದರೆ ಯಾವ ವರ್ಷವೂ ಎರಡು ಕಡೆ ಬರುವುದಿಲ್ಲ, ಯಾವುದೂ ತಪ್ಪಿಹೋಗುವುದಿಲ್ಲ. ಹೊಲದ ಬದುವಿನ ಹಾಗೆ. ಒಂದೇ ಬದು ಇತ್ತ ಒಬ್ಬರ ಹೊಲ ಮುಗಿಸುತ್ತದೆ, ಅತ್ತ ಇನ್ನೊಬ್ಬರದನ್ನು ಶುರುಮಾಡುತ್ತದೆ. ಬದುವಿಗಾಗಿ ಜಗಳವಾಡಿ ಕೋರ್ಟು ಹತ್ತಿದವರನ್ನು ಕಂಡ ನಮ್ಮ ಊರಿನವರಿಗೆ ಈ ಜಾಣತನ ಅರ್ಥವಾಗದೆ ಇರುತ್ತದೆಯೆ?

ವಹಿ[11:14, 1, 0]. ಬರದ ಮೂರು ವರ್ಷ, ಹಿಂಗಾರು, ಗದ್ದೆ. ಬಂದದ್ದು: 41, 0, 0. ಕಾಲುವೆಗೆ ಎರಡನೇ ಬೆಳೆಯ ನೀರು ಬರಲಿಲ್ಲ.

ವಹಿ[11:14, 0, 3]. ಅದೇ ವರ್ಷಗಳು, ಮುಂಗಾರು, ಅಕ್ಕಡಿ. ಬಂದದ್ದು: 19, 11, 14.

24 ವರ್ಷದ ಅಕ್ಕಡಿಯಲ್ಲಿ ಅತಿ ಕಡಿಮೆಯದು ಆ 11. ಸೊನ್ನೆ ಎಲ್ಲೂ ಇರಲಿಲ್ಲ. ಗದ್ದೆಯ ಕಾಲಂನಲ್ಲಿ ಸೊನ್ನೆಯಿತ್ತು, ಎರೆ ಹೊಲದಲ್ಲಿತ್ತು, ಮಸಾರಿಯ ಸಜ್ಜೆಯಲ್ಲೂ ಇತ್ತು. ಅಪ್ಪ ಪೆನ್ಸಿಲಿನಿಂದ ಗೀಚಿಕೊಂಡ ಕಾಲಂನ ಮುಂಗಾರು ಸಾಲಿನಲ್ಲಿ ಮಾತ್ರ ಇರಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ದಂಡದ ಕಥೆ ಮರುದಿನದ್ದು. ತಮ್ಮನಿಗೆ ತೋರಿಸುವಾಗ ಗದ್ದೆಯ ಲೆಕ್ಕ ಕಿಲೋದಲ್ಲಿದ್ದರೆ ಚೆನ್ನ ಅನ್ನಿಸಿತು. ನಮ್ಮ ಕಡೆ ಭತ್ತದ ಚೀಲ 75 ಕಿಲೋ. ಗದ್ದೆಯ ಕಾಲಮ್ಮನ್ನು 'ಗದ್ದೆ' ಎಂಬ ಬೇರೆ ಹೆಸರಿನಲ್ಲಿ ಎತ್ತಿಕೊಂಡು ಅದನ್ನು ಅಲ್ಲೇ 75ರಿಂದ ಗುಣಿಸಿದೆ. ನನ್ನ ಪಾಲಿನ ತುಂಡು ತಾನೇ, ಏನು ಮಾಡಿಕೊಂಡರೂ ನನ್ನದು ಎಂಬ ಧೈರ್ಯ. ಆಮೇಲೆ ಮೂಲ ವಹಿಯ ಮೊದಲ ಹಾಳೆ ನೋಡುತ್ತೇನೆ, 96 ಇದ್ದಲ್ಲಿ 7200! ಇಪ್ಪತ್ನಾಲ್ಕು ಹಾಳೆಯಲ್ಲೂ ಗದ್ದೆಯ ಅಂಕಿ ಕೆಟ್ಟು ಕೂತಿತ್ತು.

'ಹೇಳಿದ್ನಲ್ಲಮ್ಮಾ, ಅದು ಹೂವು ಬಿಡಿಸಲ್ಲ ಅಂತ' ಎಂದಳು ಮಗಳು. ನಂಪೈ ಹೀಗೆ ಕತ್ತರಿಸಿ ಕೊಟ್ಟ ತುಂಡು ಬೇರೆ ತುಂಡೇ ಅಲ್ಲ, ಅದೇ ವಹಿಯನ್ನು ನೋಡುವ ಒಂದು ಕಿಟಕಿ. ಕಿಟಕಿಯಿಂದ ಕೈ ಹಾಕಿ ಒಳಗಿನದನ್ನು ಬದಲಿಸಿದರೆ ಮನೆಯೊಳಗೇ ಬದಲಾಗುತ್ತದೆ. ನಿಜವಾಗಿ ಬೇರೆಯದೇ ಬೇಕಿದ್ದರೆ ಕಾಪಿ ಮಾಡು ಎಂದು ಬಾಯಿಬಿಟ್ಟು ಕೇಳಬೇಕು. ಪೈಥಾನಿನ ಸಾದಾ ಪಟ್ಟಿಯನ್ನು ಕತ್ತರಿಸಿದರೆ ಹೊಸ ಪಟ್ಟಿಯೇ ಸಿಗುತ್ತದೆ, ನಂಪೈಯಲ್ಲಿ ಹಾಗಲ್ಲ. ಲಕ್ಷ ಕೋಟಿ ಅಂಕಿಗಳ ಪಟ್ಟಿಯನ್ನು ಕತ್ತರಿಸಿದಾಗಲೆಲ್ಲ ನಕಲು ಮಾಡುತ್ತ ಕೂತರೆ ಗಣಕದಲ್ಲಿ ಜಾಗವೂ ಸಾಲದು, ಹೊತ್ತೂ ಸಾಲದು ಎಂದು ಈ ಏರ್ಪಾಟು.

75ರಿಂದ ಭಾಗಿಸಿದರೆ ಸರಿಹೋಗುತ್ತಿತ್ತು. ಆದರೆ ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ವಹಿ ಬಿಚ್ಚಿ 192 ಅಂಕಿಯನ್ನೂ ಮತ್ತೆ ಹೊಡೆದೆ. ಹೊಡೆಯುತ್ತ ತಮ್ಮನ ಕಾಗದದ ನೆನಪಾಯಿತು. ಮಸಾರಿ ಹೊಲ ಒಂದು ತುಂಡು, ತೆಗೆದರೆ ಉಳಿದದ್ದು ಹಾಗೇ ಇರುತ್ತದೆ ಎಂದು ಅವನು ತಿಳಿದಿದ್ದ. ಸಹಿ ಹಾಕದಿದ್ದರೆ ನನ್ನ ಪಾಲು ನನ್ನಲ್ಲಿರುತ್ತದೆ, ಅವನ ಸಾಲಕ್ಕೂ ನನಗೂ ಸಂಬಂಧವಿಲ್ಲ ಎಂದು ನಾನು ತಿಳಿದಿದ್ದೆ. ಇಬ್ಬರೂ ಕಾಪಿ ಮಾಡಿಕೊಂಡಿದ್ದೇವೆ ಅಂದುಕೊಂಡವರೇ.

2025ರ ಯುಗಾದಿಗೆ ನವಲಿಗೆ ಹೋದೆ. ಭೋಗಾಪುರೇಶನ ಗುಡಿಗೆ ಹೋಗಿ ಬಂದು, ಬೇವುಬೆಲ್ಲ ತಿಂದು, ತಮ್ಮನ ಮುಂದೆ ಎರಡು ಚೀಟಿ ಇಟ್ಟೆ. ಒಂದರಲ್ಲಿ ಗದ್ದೆ, ಒಂದರಲ್ಲಿ ಅಕ್ಕಡಿ. ಸುಳ್ಳು ಹೇಳಬಾರದು. 24 ವರ್ಷದ ಅಕ್ಕಡಿಯನ್ನೆಲ್ಲ ಕೂಡಿದರೆ 912 ಸೇರು. ಗದ್ದೆಯ ಒಂದೇ ಒಂದು ಒಳ್ಳೆಯ ಬೆಳೆಗೆ ಅದು ಸಮವಲ್ಲ. ತಮ್ಮ ಅದನ್ನೇ ಹೇಳಿದ. 'ಸೇರು ಎಲ್ಲಿ, ಚೀಲ ಎಲ್ಲಿ ಅಕ್ಕಾ?' ನಾನು ಬರದ ಮೂರು ವರ್ಷದ ಅಂಕಿಯ ಮೇಲೆ ಬೆರಳಿಟ್ಟೆ. 'ಈ ಎರಡು ಸೊನ್ನಿ ನೋಡು. ಆಗ ನಾವು ಏನ ಉಂಡಿವಿ?' ಅವನು ಉತ್ತರ ಕೊಡಲಿಲ್ಲ.

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು, 'ಏನ ಬರದಾನ ನಿಮ್ಮಪ್ಪ, ಓದು.' ಅವ್ವನಿಗೆ ಅಕ್ಷರ ಬಾರದು. 'ಹತ್ತೊಂಬತ್ತು, ಹನ್ನೊಂದು, ಹದಿನಾಕು' ಎಂದೆ.

'ಹತ್ತೊಂಬತ್ತರಾಗ ಮಡಕಿ ಹೆಚ್ಚು ಬಂದಿತ್ತು, ತೊಗರಿಗೆ ಹುಳ ಬಿದ್ದಿತ್ತು. ಹನ್ನೊಂದರ ವರ್ಷ ಹೆಸರು ಹೂವಿಗೇ ಒಣಗಿ ಹೋತು, ಅಲಸಂದಿ ಒಂದು ಉಳೀತು. ಹದಿನಾಕರಾಗ ಮೂರು ಸೇರು ಗುರೆಳ್ಳು. ಅದನ್ನ ಪುಡಿ ಮಾಡಿ ಇವನ ಹಾಸ್ಟೆಲ್ಲಿಗೆ ಕಳಿಸಿದ್ನಿ.' ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಹೇಳಿದಳು. ನಾನು ಐದು ತಿಂಗಳು ಒದ್ದಾಡಿ ಅಲ್ಪವಿರಾಮ, ಎರಡು ಚುಕ್ಕಿ ಕಲಿತು ತೆಗೆದ ಆ ಸಾಲು ಅವಳ ತಲೆಯಲ್ಲಿ ಮೊದಲಿನಿಂದಲೂ ಹಾಗೇ ಪೋಣಿಸಿಕೊಂಡು ಇತ್ತು. ಯಾರೂ ಆ ದಿಕ್ಕಿನಿಂದ ಕೇಳಿರಲಿಲ್ಲ, ಅಷ್ಟೆ.

ತಮ್ಮ ಬಹಳ ಹೊತ್ತು ಚೀಟಿ ನೋಡಿದ. ಹಾಸ್ಟೆಲ್ಲಿನ ಗುರೆಳ್ಳು ಚಟ್ನಿಯ ಮಾತು ಅವನಿಗೆ ತಾಗಿತ್ತೇನೋ. 'ಈ ಮುಂಗಾರು ಬಿತ್ತೂಣು. ಮುಂದಿಂದು ಮುಂದ ನೋಡೂಣು' ಎಂದ. ಅವನ ಸಾಲ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಗೊಬ್ಬರದ ಅಂಗಡಿಯ ಬಾಕಿಯಲ್ಲಿ ಅರ್ಧ ನಾನು ಕೊಡುತ್ತೇನೆ ಎಂದೆ. ಬೇಡವೆಂದ, ಮತ್ತೆ ಹೇಳಿದಾಗ ಸುಮ್ಮನಾದ. ಕಾಗದವನ್ನು ಹರಿಯಲಿಲ್ಲ, ಮಡಿಸಿ ಕಿಸೆಯಲ್ಲಿಟ್ಟುಕೊಂಡ.

ಊಟವಾದ ಮೇಲೆ ಅವ್ವ ನನ್ನ ಪಕ್ಕ ಬಂದು ಕೂತಳು. 'ನಿಮ್ಮಪ್ಪ ಹೋದ ಮ್ಯಾಲಿನವು ಯಾರೂ ಬರದಿಲ್ಲಲ್ಲ. ನಾ ಹೇಳತೀನಿ, ಬರಕೋ.'

ವಹಿಯ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಮೇಲೆ 2014-15 ಎಂದು ಬರೆದು, ಅಡ್ಡಪಟ್ಟಿ ಇಟ್ಟು ಪೆನ್ಸಿಲಿನಿಂದ ನಾಲ್ಕನೆಯ ಕಾಲಂ ಗೀಚಿದೆ. ಅವ್ವ ಕಣ್ಣು ಮುಚ್ಚಿ ಸೇರು ಹೇಳತೊಡಗಿದಳು. ಮಂಚದ ಮೇಲೆ ಮಲಗಿದ್ದ ತಮ್ಮ, ಗೋಡೆಯ ಕಡೆ ಮುಖ ಮಾಡಿದವನು ಹಾಗೆಯೇ, ಗದ್ದೆಯ ಚೀಲ ಎಷ್ಟೆಂದು ಕೂಡಿಸಿದ.